ಕರ್ಕಶ ನಾದ

ಸಂಗೀತವು ಕಿವಿಗೆ ಇಂಪಾಗಿರಬೇಕೆಂಬುದು ಲೋಕದ ಮಾತು. ಆದರೆ ಎದೆಯಲ್ಲಿ ಭಯವೇ ತುಂಬಿರುವವನ ಬಾಯಿಂದ ಇಂಪು ಹೇಗೆ ಹೊರಟೀತು? ಸ್ವೀಡನ್ ದೇಶದ ‘ಮಾಬ್ 47’ ಎಂಬ ತಂಡದ ಹಾಡುಗಳನ್ನು ಕೇಳಿದವರಿಗೆ ಈ ಪ್ರಶ್ನೆ ಹುಟ್ಟದೆ ಇರದು.

ಸ್ಟಾಕ್‌ಹೋಮಿನ ಉತ್ತರಕ್ಕಿರುವ ತೇಬಿ ಎಂಬ ಊರಿನ ತರುಣರು ಕಟ್ಟಿದ ತಂಡವದು. 1984ರಲ್ಲಿ ಹೊರಬಂದ ಅವರ ಏಳು ಅಂಗುಲದ ತಟ್ಟೆಯ ಹೆಸರಿಗೆ ‘ಅಣ್ವಸ್ತ್ರದ ದಾಳಿ’ ಎಂದರ್ಥ. ಹಾಡುಗಳು ಆರಂಭವಾಗುವಷ್ಟರಲ್ಲಿಯೇ ಮುಗಿದುಹೋಗುತ್ತವೆ. ವರ್ಧಕಯಂತ್ರವು ತಾಳಲಾರದಷ್ಟು ಬಲವನ್ನು ಗಿಟಾರಿನ ಧ್ವನಿಗೆ ಕೊಟ್ಟರೆ ಅಲೆಗಳ ತುದಿಗಳು ಕತ್ತರಿಸಿಹೋಗಿ, ಮೂಲದಲ್ಲಿಲ್ಲದ ಉಪಸ್ವರಗಳು ಮೂಡುತ್ತವೆ; ತಂತಿಯ ನಾದವು ಗರಗಸದ ಮೊರೆತವಾಗುತ್ತದೆ. ಅದರ ಕೆಳಗೆ ಬಿಡುವಿಲ್ಲದೆ ಓಡುವ ಮದ್ದಳೆಯ ನಡೆ ಇಂಗ್ಲೆಂಡಿನ ‘ಡಿಸ್‌ಚಾರ್ಜ್’ ತಂಡದಿಂದ ಬಂದುದು. ಆ ತಂಡದ ಹೆಸರಿನಿಂದಲೇ ಅದಕ್ಕೆ ‘ಡಿ-ಬೀಟ್’ ಎಂಬ ಹೆಸರಾಯಿತು. ಸ್ವೀಡನ್ನಿನವರು ಈ ಬಗೆಯ ಹಾಡಿಕೆಯನ್ನು ‘ಹಸಿ ಪಂಕ್’ ಎಂದೂ ‘ಬೂಟಿನ ಪಂಕ್’ ಎಂದೂ ತಮ್ಮ ನುಡಿಯಲ್ಲಿ ಕರೆಯುತ್ತಾರೆ.

ಮಾತು ತಿಳಿಯದು, ಒಂದು ಹಾಡಿಗೂ ಇನ್ನೊಂದಕ್ಕೂ ಭೇದ ಕಾಣದು ಎಂದು ಸುಸ್ವರಕ್ಕೆ ಒಗ್ಗಿದ ಕಿವಿ ದೂರುವುದು ಸಹಜವೇ. ಆ ದೂರು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ ತರುಣರು ಬೆಳೆದ ಕಾಲವನ್ನು ನೆನೆಯಬೇಕು. ಎರಡು ಮಹಾಯುದ್ಧಗಳಿಂದಲೂ ದೂರವಿದ್ದ ದೇಶವದು. 1981ರ ಅಕ್ಟೋಬರಿನಲ್ಲಿ ಸೋವಿಯೆಟ್ ಜಲಾಂತರ್ಗಾಮಿಯೊಂದು ಕಾರ್ಲ್ಸ್‌ಕ್ರೂನ ನೌಕಾನೆಲೆಯ ಬಳಿ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿ ಅಣ್ವಸ್ತ್ರಗಳಿರುವ ಸಂಭವವಿದೆಯೆಂದು ಸರ್ಕಾರವೇ ಸಾರಿತು. ಯಾರ ತಂಟೆಗೂ ಹೋಗದವನ ಮನೆಯ ಬಾಗಿಲಿಗೂ ಮೃತ್ಯು ಬರಬಹುದೆಂದು ಅಂದು ಎಲ್ಲರಿಗೂ ಗೊತ್ತಾಯಿತು.

ಅಂಥ ಭಯವನ್ನು ಮೃದುವಾದ ರಾಗದಲ್ಲಿ ಅಡಗಿಸಿದ್ದರೆ ಕೇಳುವವರು ತಲೆದೂಗಿ ಮಲಗುತ್ತಿದ್ದರು. ಬೆಂಕಿ ಬಿದ್ದ ಮನೆಯವನ ಕೂಗಿನಲ್ಲಿ ಶ್ರುತಿಯನ್ನು ಯಾರೂ ಹುಡುಕುವುದಿಲ್ಲ. ಕೊಡ ಹಿಡಿದು ಓಡುತ್ತಾರೆ. ಈ ನಾದವನ್ನು ತಿದ್ದಿ ತೊಳೆದರೆ ಉಳಿಯುವುದು ಹಾಡಿನ ಚೌಕಟ್ಟು ಮಾತ್ರ; ಕೂಗು ಹೋಗಿಬಿಡುತ್ತದೆ.

2024ರಲ್ಲಿ ಸ್ವೀಡನ್ ತನ್ನ ಹಳೆಯ ತಾಟಸ್ಥ್ಯವನ್ನು ತೊರೆದು ನೇಟೋ ಕೂಟವನ್ನು ಸೇರಿತು. ನಲವತ್ತು ವರ್ಷ ಹಿಂದಿನ ಆ ಒರಟು ತಟ್ಟೆಯನ್ನು ಈಗ ಕೇಳುವವರಿಗೆ ಅದು ಹಳೆಯದೆಂದು ತೋರದಿದ್ದರೆ, ತಪ್ಪು ತಟ್ಟೆಯದಲ್ಲ.