ಅವ್ವ ಹೂಳಿದ ಮಾಸು

ನಮ್ಮವ್ವ ಸೂಲಗಿತ್ತಿ. ಗೌಡರ ವಾಡೆಯಿಂದ ಹಿಡಿದು ನಮ್ಮ ಮಾದರ ಓಣಿಯ ಕಟ್ಟಕಡೆಯ ಗುಡಿಸಲಿನ ತನಕ ಅವಳ ಕೈಯೊಳಗೆ ಹುಟ್ಟದ ಕೂಸು ನಮ್ಮೂರಾಗ ಇರಲಿಲ್ಲ. ಹೆರಿಗೆ ಆಗುವ ತನಕ ಅವ್ವ ಒಳಗೆ, ಆದ ಮೇಲೆ ಹೊರಗೆ. ಮಾಸು, ರಕ್ತದ ಅರಿವೆ ಎಲ್ಲವನ್ನೂ ಒಂದು ಗಡಿಗೆಯಲ್ಲಿ ತುಂಬಿ ಕೈಗೆ ಕೊಟ್ಟು ಹಿತ್ತಲ ಬಾಗಿಲಿನಿಂದ ಕಳಿಸುತ್ತಿದ್ದರು. ಹೂಳುವುದು ನಮ್ಮ ಜಾತಿಯ ಕೆಲಸ. ಅದಕ್ಕೆ ಒಂದು ಸೇರು ಜೋಳ, ಒಂದು ಹಳೆ ಸೀರೆ. ಮರುದಿನ ಅವ್ವ ಕುಂತ ಜಾಗ ಸಾರಿಸಿ, ಗೋಮೂತ್ರ ಚಿಮುಕಿಸಿ ಮನೆ ಶುದ್ಧ ಮಾಡುತ್ತಿದ್ದರು. ಅವ್ವ ಮುಟ್ಟಿದ ಕೂಸನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು.

ಅವ್ವ ಒಂದು ಮಾತು ಹೇಳುತ್ತಿದ್ದಳು. "ಹೊಟ್ಟ್ಯಾಗ ಇರೂತನಾ ಕೂಸಿಗೆ ಯಾರ ಅಂಜಿಕಿನೂ ಇಲ್ಲವಾ. ಅಲ್ಲಿ ಗೌಡನೂ ಇಲ್ಲ, ಸಾಲಾನೂ ಇಲ್ಲ. ಹೊರಗ ಬಂದಮ್ಯಾಲ ನೋಡು, ಎಲ್ಲಾ ಚಾಲೂ."

ಆ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ಯಾಕೆ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಸವದತ್ತಿ ತಾಲೂಕಿನಲ್ಲಿ, ಮಲಪ್ರಭಾ ಹೊಳೆಯಿಂದ ದೂರ ಇಲ್ಲ. ಅವ್ವನ ತವರು ಕಿತ್ತೂರ ಕಡೆ. ಅಕ್ಕನನ್ನು ಕೊಟ್ಟದ್ದು ರಾಮದುರ್ಗದ ಕಡೆಗೆ. ನಾನು ಹೊಟ್ಟೆಪಾಡಿಗೆ ಬಂದು ನೆಲೆ ನಿಂತದ್ದು ಬೈಲಹೊಂಗಲದಲ್ಲಿ. ಈ ನಾಲ್ಕು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿಯೇ ನನ್ನ ಆಯುಷ್ಯ ಕಳೆದಿದೆ.

1988ರಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಮುಖ ಸುಣ್ಣದ ಗೋಡೆ ಆಗಿತ್ತು. ಹೆಪ್ಪುಗಟ್ಟಿದ ಕಾಲು, ಕಣ್ಣಾಗ ರಕ್ತದ ಸುಳಿವಿಲ್ಲ. ಬಯಕೆ ಏನು ಅಂದರೆ ಮಣ್ಣು. ಮಳೆ ಬಿದ್ದಾಗ ಗೋಡೆ ಮೂಸುತ್ತಾ ನಿಲ್ಲುತ್ತಿದ್ದಳು. ಒಲೆಯೊಳಗೆ ಬೆಂದ ಕೆಂಪು ಮಣ್ಣನ್ನು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡು, ಕಳೆ ತೆಗೆಯಲು ಹೋದಲ್ಲಿ ಕಡಲಿ ತಿಂದ ಹಾಂಗ ತಿನ್ನುತ್ತಿದ್ದಳು. ಮುಂಜಾನೆ ಎದ್ದರೆ ಮಶೇರಿ. ನಮ್ಮ ಕಡೆಯವರಿಗೆ ಮಶೇರಿ ಏನಂತ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗೆ ಹೇಳುತ್ತೇನೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ಹಲ್ಲಿಗೆ ಅಂತ ಹೆಸರು, ಹಸಿವು ಸಾಯಿಸಲಿಕ್ಕೆ ಖರೇ. ಒಂದು ಸಲ ತಿಕ್ಕಿದರೆ ಮಧ್ಯಾಹ್ನದ ತನಕ ಹೊಟ್ಟೆ ಕೇಳುವುದಿಲ್ಲ. ಎರಡು ರೊಟ್ಟಿಯಲ್ಲಿ ಐದು ಮಂದಿ ಉಣ್ಣುವ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅದು ಚಟ ಅಲ್ಲ, ಒಂದು ಹೊತ್ತಿನ ಊಟ.

ಕೂಸು ದಿನ ತುಂಬುವ ಮೊದಲೇ ಬಂತು. ಅಂಗೈಯಷ್ಟು. ಅವ್ವ ಅದನ್ನು ಅರಳೆಯೊಳಗೆ ಸುತ್ತಿ, ಎದೆಗೆ ಅವಚಿಕೊಂಡು ತಿಂಗಳುಗಟ್ಟಲೆ ಕಾದಳು. ಉಳಿಯಿತು. ಆದರೆ ನಾಲ್ಕು ವರ್ಷದ ತನಕ ಮಾತು ಬರಲಿಲ್ಲ. ಸಾಲಿಗೆ ಹಾಕಿದರೆ ಅಕ್ಷರ ನಿಲ್ಲಲಿಲ್ಲ. ಮಾಸ್ತರರು "ಇವರ ಜಾತಿಗೆ ವಿದ್ಯಾ ಹತ್ತೂದಿಲ್ಲ" ಅಂದರು. ಅತ್ತೆ "ಗ್ರಹಣದಾಗ ಹೊರಗ ಬಂದಿದ್ದಳು" ಅಂದಳು. ಮಾವ ಏನೂ ಅನ್ನಲಿಲ್ಲ, ಕುಡಿದು ಬಂದು ಅಕ್ಕನನ್ನು ಹೊಡೆದ. ಅವನ ಈಗಿನ ವಯಸ್ಸು ಮೂವತ್ತೇಳರ ಮೇಲೆ, ನಮ್ಮ ಹುಡುಗನದು. ಆಡು ಕಾಯುತ್ತಾನೆ. ಯಾವ ಆಡಿಗೆ ಯಾವ ಮರಿ ಅಂತ ತಪ್ಪದೆ ಹೇಳುತ್ತಾನೆ. ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು ಅಂತ ತಿಳಿಯುವುದಿಲ್ಲ.

ಅವನಿಗೆ ಹಾಂಗಾದದ್ದು ಸೀಸದಿಂದಲೇ ಅಂತ ನಾನು ಹೇಳುವುದಿಲ್ಲ. ಅವನ ರಕ್ತವನ್ನಾಗಲಿ ಅಕ್ಕನ ರಕ್ತವನ್ನಾಗಲಿ ಯಾರೂ ಆಗ ತೂಗಿ ನೋಡಲಿಲ್ಲ. ಆದರೆ ಗ್ರಹಣಕ್ಕೆ ಸಾಕ್ಷಿ ಕೇಳದ ಜನ, ಜಾತಿಗೆ ಸಾಕ್ಷಿ ಕೇಳದ ಜನ, ಸೀಸದ ಮಾತು ಎತ್ತಿದ ಕೂಡಲೇ ನನಗೆ ಸಾಕ್ಷಿ ಕೇಳುತ್ತಾರೆ.

ಹೊಟ್ಟೆಯೊಳಗಿನ ಕೂಸಿಗೆ ಭಯ ಇಲ್ಲ ಅಂತ ನಂಬಿದವಳು ನಮ್ಮವ್ವ ಒಬ್ಬಳೇ ಅಲ್ಲ. ಕಲಿತ ಡಾಕ್ಟರರೂ ನಂಬಿದ್ದರು. ಮಾಸು ಎಂಬುದು ಕೋಟೆಯ ಗೋಡೆ ಇದ್ದಂತೆ, ತಾಯಿಯ ಮೈಯ ವಿಷವನ್ನು ಆಚೆಗೇ ತಡೆಯುತ್ತದೆ ಅಂತ. ಅದು ಸುಳ್ಳು ಅಂತ ತೋರಿಸಿದವರು ಜಪಾನಿನ ಮಿನಮಾಟಾ ಎಂಬ ಊರಿನ ಬೆಸ್ತರ ಕೂಸುಗಳು. ಚಿಸ್ಸೊ ಎಂಬ ಕಂಪನಿ 1932ರಿಂದ 1968ರ ತನಕ ಪಾದರಸದ ಹೊಲಸನ್ನು ಅಲ್ಲಿಯ ಕೊಲ್ಲಿಗೆ ಬಿಟ್ಟಿತು. ಮೀನು ತಿಂದವರಿಗೆ ಕೈಕಾಲು ನಡುಗುವ, ಕಣ್ಣು ಮಂಜಾಗುವ ರೋಗ ಬಂತು; 1956ರಲ್ಲಿ ಅದು ಸರಕಾರದ ಕಾಗದಕ್ಕೆ ಏರಿತು. ಆದರೆ ಒಂದು ಮೀನನ್ನೂ ತಿನ್ನದ ಕೂಸುಗಳು ರೋಗ ಹೊತ್ತುಕೊಂಡೇ ಹುಟ್ಟತೊಡಗಿದವು. ತಾಯಂದಿರಿಗೆ ಅಷ್ಟೇನೂ ಆಗಿರಲಿಲ್ಲ. ತಾಯಿಯ ಪಾಲಿನ ವಿಷವನ್ನು ಕೂಸು ಕುಡಿದಿತ್ತು. 1962ರಲ್ಲಿ ವೈದ್ಯರು ಒಪ್ಪಿಕೊಂಡರು.

ಜಪಾನಿನಲ್ಲಿ ಕೂಸಿನ ಹೊಕ್ಕಳಬಳ್ಳಿಯ ಒಣಗಿದ ತುಂಡನ್ನು ಸಣ್ಣ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡುವ ಪದ್ಧತಿ ಉಂಟು. ಮುಂದೆ ಆ ತುಂಡುಗಳನ್ನೇ ಪರೀಕ್ಷೆ ಮಾಡಿದರು. ಯಾವ ವರ್ಷ ಹುಟ್ಟಿದ ಕೂಸಿನ ಬಳ್ಳಿಯಲ್ಲಿ ಎಷ್ಟು ಪಾದರಸ ಅಂತ ಲೆಕ್ಕ ಸಿಕ್ಕಿತು. ಕಂಪನಿ ಬಾಯಿ ಮುಚ್ಚಿದರೂ ಬಳ್ಳಿ ಸಾಕ್ಷಿ ಹೇಳಿತು. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮವ್ವ ಎಷ್ಟು ಸಾಕ್ಷಿಗಳನ್ನು ಗಡಿಗೆಯಲ್ಲಿ ಹೊತ್ತು ಹೋಗಿ ಹೂಳಿದಳೋ!

ಸೀಸದ ಕಥೆ ಪಾದರಸಕ್ಕಿಂತ ಕೆಟ್ಟದ್ದು, ಯಾಕಂದರೆ ಅದಕ್ಕೆ ಕಂಪನಿಯ ಕೊಳವೆಯೇ ಬೇಕಿಲ್ಲ. ಮೈಯೊಳಗೆ ಹೊಕ್ಕ ಸೀಸವನ್ನು ಎಲುಬು ಸುಣ್ಣ ಅಂತ ತಿಳಿದು ಒಳಗೆ ಕರೆದುಕೊಳ್ಳುತ್ತದೆ. ರಕ್ತದಲ್ಲಿ ಅದು ತಿಂಗಳು ಎರಡು ತಿಂಗಳು ಇದ್ದರೆ, ಎಲುಬಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಕುಳಿತಿರುತ್ತದೆ. ಹುಡುಗಿ ಬಸುರಾದಾಗ ಕೂಸಿನ ಎಲುಬು ಕಟ್ಟಲು ಸುಣ್ಣ ಬೇಕು. ತಾಟಿನಲ್ಲಿ ಹಾಲಿಲ್ಲ, ಮೊಸರಿಲ್ಲ. ಆಗ ಮೈ ತನ್ನ ಎಲುಬನ್ನೇ ಕರಗಿಸಿ ಕೊಡುತ್ತದೆ. ಅದರ ಜೊತೆ ಸೀಸವೂ ಇಳಿಯುತ್ತದೆ. ಅಂದರೆ ಆರು ವರ್ಷದ ಹುಡುಗಿ ಆಗಿದ್ದಾಗ ನುಂಗಿದ ಧೂಳು, ಅವಳು ಇಪ್ಪತ್ತರಲ್ಲಿ ಬಸುರಾದಾಗ ಅವಳ ಕೂಸಿಗೆ ಮುಟ್ಟುತ್ತದೆ. ಮೂರನೆಯ ತಿಂಗಳ ಹೊತ್ತಿಗೆಲ್ಲ ಮಾಸು ದಾಟಿ ಹೋಗುತ್ತದೆ. ತಾಯಿಯ ರಕ್ತದಲ್ಲಿ ಎಷ್ಟೋ, ಹೆಚ್ಚೂ ಕಡಿಮೆ ಅಷ್ಟೇ ಕೂಸಿನ ರಕ್ತದಲ್ಲಿ. ಬಸುರು ಇಳಿಯುವುದು, ರಕ್ತದೊತ್ತಡ ಏರುವುದು, ದಿನ ತುಂಬದೆ ಹೆರುವುದು, ಕೂಸಿನ ತೂಕ ಕಡಿಮೆ ಬೀಳುವುದು, ಮುಂದೆ ಬುದ್ಧಿ ಮಂಕಾಗುವುದು, ಎಲ್ಲಕ್ಕೂ ಅದರ ಕೈ ಇದೆ. ಇಷ್ಟಿದ್ದರೆ ಅಪಾಯ ಇಲ್ಲ ಅನ್ನುವ ಪ್ರಮಾಣವೇ ಸೀಸಕ್ಕೆ ಇಲ್ಲ.

ಇನ್ನೊಂದು ಸಂಗತಿ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಕರೆಯುವ ಬಾಗಿಲು ಇರುತ್ತದೆ. ಮೈಯಲ್ಲಿ ಕಬ್ಬಿಣ ಕಡಿಮೆ ಬಿದ್ದಾಗ ಆ ಬಾಗಿಲು ಇನ್ನಷ್ಟು ಅಗಲ ತೆರೆಯುತ್ತದೆ. ಅದೇ ಬಾಗಿಲಿನಿಂದ ಸೀಸ, ಕ್ಯಾಡ್ಮಿಯಂ ಒಳಗೆ ನುಗ್ಗುತ್ತವೆ. ಉಂಡ ಮನೆಯ ಬಸುರಿ ಮತ್ತು ಉಪವಾಸದ ಮನೆಯ ಬಸುರಿ ಒಂದೇ ಧೂಳು ನುಂಗಿದರೂ ಉಪವಾಸದವಳ ಮೈಗೆ ಹೆಚ್ಚು ಸೀಸ ಹತ್ತುತ್ತದೆ. ರಕ್ತ ಕಡಿಮೆ ಇದ್ದವಳಿಗೇ ಮಣ್ಣಿನ ಬಯಕೆ ಹೆಚ್ಚು. ಮಣ್ಣಿನಲ್ಲಿ ಸೀಸ ಇದ್ದರೆ ಆ ಮೈ ಅದನ್ನು ಕೈಚಾಚಿ ಕರೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ. ಆ ಐವತ್ತೆರಡು ಮಂದಿ ಯಾವ ಓಣಿಯವರು ಅಂತ ನಾನು ಬಿಡಿಸಿ ಹೇಳಬೇಕೆ? ಜಾತಿ ಬಾವಿಯ ಹತ್ತಿರ ನಿಲ್ಲುತ್ತದೆ, ಗುಡಿಯ ಬಾಗಿಲಲ್ಲಿ ನಿಲ್ಲುತ್ತದೆ ಅಂತ ನಾವು ಬರೆಯುತ್ತಾ ಬಂದೆವು. ಅದು ಕರುಳಿನ ಬಾಗಿಲ ತನಕ ಬಂದು ನಿಂತದ್ದು ನಮಗೆ ಕಾಣಲಿಲ್ಲ.

ಮಶೇರಿಯ ಮಾತಿಗೆ ಮತ್ತೆ ಬರುತ್ತೇನೆ. ತಂಬಾಕಿನ ಗಿಡಕ್ಕೆ ಒಂದು ಗುಣ ಉಂಟು, ನೆಲದೊಳಗಿನ ಕ್ಯಾಡ್ಮಿಯಂ ಅನ್ನು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಫಾಸ್ಫೇಟ್ ಗೊಬ್ಬರದೊಡನೆ ಕ್ಯಾಡ್ಮಿಯಂ ನೆಲಕ್ಕೆ ಇನ್ನಷ್ಟು ಬೀಳುತ್ತದೆ. ಹುರಿದರೆ ಲೋಹ ಸುಟ್ಟು ಹೋಗುವುದಿಲ್ಲ. ಇದೊಂದೇ ಲೋಹವನ್ನು ಮಾಸು ಬಹಳಷ್ಟು ತಡೆದು ಹಿಡಿಯುತ್ತದೆ, ಆದರೆ ಹಿಡಿದುಕೊಂಡ ಮಾಸೇ ಕೆಡುತ್ತದೆ, ಕೂಸಿಗೆ ಹೋಗುವ ಅನ್ನ ಕಡಿಮೆ ಬೀಳುತ್ತದೆ. ನಮ್ಮ ಜಿಲ್ಲೆಯ ನಿಪ್ಪಾಣಿಯ ತಂಬಾಕು ದೇಶಕ್ಕೇ ಹೆಸರಾದದ್ದು. ಅಲ್ಲಿ ರೈತರು 1981ರಲ್ಲಿ ಬೆಲೆಗಾಗಿ ರಸ್ತೆಗೆ ಇಳಿದರು, ಗುಂಡು ತಿಂದರು. ಬೆಳೆದವನ ಬೆಲೆಯ ಮಾತು ಆಯಿತು. ತಿಕ್ಕಿದವಳ ಹೊಟ್ಟೆಯ ಮಾತು ಯಾವ ಮೆರವಣಿಗೆಯಲ್ಲೂ ಬರಲಿಲ್ಲ.

ಸವದತ್ತಿಯವಳಾಗಿ ಯಲ್ಲಮ್ಮನ ಗುಡ್ಡದ ಮಾತು ಬಿಟ್ಟರೆ ತಪ್ಪಾದೀತು. ನಮ್ಮ ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಊರಿಗೆ ಬಿಟ್ಟ ಗುಡ್ಡ ಅದು. 1982ರ ದೇವದಾಸಿ ನಿಷೇಧ ಕಾಯಿದೆ ಬಂದ ಮೇಲೂ ಕದ್ದು ಮುಚ್ಚಿ ಮುತ್ತು ಕಟ್ಟಿದರು. ಅಲ್ಲಿ ಭಂಡಾರ ತೂರುತ್ತಾರೆ. ಬಸುರಿಯ ಹಣೆಗೆ ಹಚ್ಚುತ್ತಾರೆ, ನಾಲಿಗೆಗೂ ಇಡುತ್ತಾರೆ. ಬಾಂಗ್ಲಾದೇಶದ ಹಳ್ಳಿಯ ಬಸುರಿಯರ ರಕ್ತದಲ್ಲಿ ಸೀಸ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದವರಿಗೆ ಸಿಕ್ಕದ್ದು ಅರಿಷಿಣ. ಬಣ್ಣ ಹೊಳೆಯಲಿ ಅಂತ ವ್ಯಾಪಾರಿಗಳು ಅದಕ್ಕೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುತ್ತಿದ್ದರು. 2019ರಲ್ಲಿ ಅಲ್ಲಿಯ ಸರಕಾರ ಪೇಟೆಗೆ ನುಗ್ಗಿ ದಂಡ ಹಾಕಿತು. ಆ ವರ್ಷ ಪರೀಕ್ಷೆ ಮಾಡಿದ ಅರಿಷಿಣದಲ್ಲಿ ನೂರಕ್ಕೆ 47 ಕೆಟ್ಟದ್ದು ಇತ್ತು, 2021ಕ್ಕೆ ಒಂದೂ ಇರಲಿಲ್ಲ. ಗುಡ್ಡದ ಭಂಡಾರದಾಗ ಸೀಸ ಐತಿ ಅಂತ ನಾ ಅನ್ನಾಕ ಹತ್ತಿಲ್ಲ. ಲಕ್ಷಗಟ್ಟಲೆ ಬಡವರು ಹಣೆಗೆ, ಬಾಯಿಗೆ ಹಚ್ಚುವ ಪುಡಿಯನ್ನು ಚೀಲ ಚೀಲವಾಗಿ ಪರೀಕ್ಷೆ ಮಾಡಿ ಮಾರಬೇಕು ಅಂತ ಕೇಳುತ್ತಿದ್ದೇನೆ. ದೇವರ ಮಾತು ಎತ್ತಬ್ಯಾಡ ಅಂತ ಹೇಳುವವರಿಗೆ ನನ್ನ ಉತ್ತರ ಇಷ್ಟೇ: ನಾನು ಎತ್ತಿದ್ದು ವ್ಯಾಪಾರದ ಮಾತು.

ಜರ್ಮನ್ ಬೋಗುಣಿ, ಹಿತ್ತಾಳೆಗೆ ಹಾಕುವ ಕಲಾಯಿಯಲ್ಲಿ ಸೀಸದ ಕಲಬೆರಕೆ, ಅದರೊಳಗೆ ಕುದಿಯುವ ಹುಣಸೆಹುಳಿ, ಹಳೆ ಬ್ಯಾಟರಿ ಒಡೆದು ಕರಗಿಸುವ ಕೂಲಿ, ಹೀಗೆ ದಾರಿಗಳು ಬಹಳ. ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮಪ್ಪ ತಂಗಡಿ ತೊಗಟೆ, ಸುಣ್ಣದಲ್ಲಿ ತೊಗಲು ಹದ ಮಾಡುತ್ತಿದ್ದಾಗ ಊರು ಮೂಗು ಮುಚ್ಚಿಕೊಂಡಿತು. ಆ ನಾತದಲ್ಲಿ ಈ ವಿಷ ಇರಲಿಲ್ಲ. ಕ್ರೋಮಿಯಂ ಹಾಕಿ ಹದ ಮಾಡಿದ ತೊಗಲು ನಾರುವುದಿಲ್ಲ. ಅದರ ನೀರು ನೆಲಕ್ಕೆ ಇಳಿದರೆ ಮೂಗಿಗೆ ಗೊತ್ತೇ ಆಗುವುದಿಲ್ಲ.

ನೀರಿನ ಮಾತು ಬಂದರೆ ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ನೆನಪಾಗುತ್ತದೆ. ಲಂಬಾಣಿಗರ ತಾಂಡಾ. ಹತ್ತಿರದಲ್ಲೇ ಮುಚ್ಚಿ ಹೋದ ಚಿನ್ನದ ಗಣಿ. 2010ರ ಸುಮಾರಿಗೆ ಅವರು ಕುಡಿಯುವ ನೀರಿನಲ್ಲಿ ಆರ್ಸೆನಿಕ್, ಅಂದರೆ ಶಂಖಪಾಷಾಣ, ಮಿತಿ ಮೀರಿ ಇರುವುದು ಬಯಲಾಯಿತು. ಅಷ್ಟೊತ್ತಿಗೆ ಅಂಗೈ ಅಂಗಾಲು ಬಿರಿದು ಗಂಟಾಗಿ, ಕ್ಯಾನ್ಸರಿಗೆ ಜನ ಬಲಿಯಾಗಿದ್ದರು. ಆರ್ಸೆನಿಕ್ ಸಹ ಮಾಸು ದಾಟುತ್ತದೆ. ಚಿನ್ನ ಯಾರ ಕೊರಳಿಗೆ ಹೋಯಿತೋ, ಪಾಷಾಣ ಮಾತ್ರ ತಾಂಡಾದ ಕೊಡಕ್ಕೆ ಬಂತು.

ನಮ್ಮ ಜಿಲ್ಲೆಯ ಬಸುರಿಯರ ರಕ್ತ ಲೋಕಕ್ಕೆ ಹೊಸದಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಹೊರದೇಶದ ವಿದ್ವಾಂಸರ ಜೊತೆ ಇಲ್ಲಿಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. 2002ರಿಂದ 2005ರ ತನಕ 1,620 ಹೆಣ್ಣುಮಕ್ಕಳ ಮೇಲೆ ನಡೆದ ಪರೀಕ್ಷೆಯಿಂದ, ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ರಕ್ತಸ್ರಾವ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ಗೊತ್ತಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಈ ಕೆಲಸಕ್ಕೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ, ನಾನು ಅಲ್ಲಗಳೆಯುವುದಿಲ್ಲ. ನಮ್ಮವ್ವ ಕಣ್ಣೆದುರೇ ರಕ್ತ ಹರಿದು ಸತ್ತ ಬಾಣಂತಿಯರ ಹೆಸರುಗಳನ್ನು ಸಾಯುವ ತನಕ ಬೆರಳು ಮಡಿಚಿ ಎಣಿಸುತ್ತಿದ್ದಳು. ಆದರೆ ಕೊಟ್ಟ ರಕ್ತದ ಲೆಕ್ಕ ಕೊಟ್ಟವಳ ಮನೆಗೆ ತಿರುಗಿ ಬರಬೇಕಲ್ಲ?

ಹೋದ ವರ್ಷ ಅಕ್ಕನ ಸಣ್ಣ ಮಗಳು ಎರಡನೆಯ ಬಸುರು. ಅವಳನ್ನು ಕರೆದುಕೊಂಡು ದವಾಖಾನೆಗೆ ಹೋದೆ. ತಾಯಿ ಕಾರ್ಡಿನಲ್ಲಿ ತೂಕಕ್ಕೆ ಮನೆ ಇದೆ, ಬಿ.ಪಿ.ಗೆ ಇದೆ, ಹಿಮೋಗ್ಲೋಬಿನ್ನಿಗೆ ಇದೆ. ಸೀಸಕ್ಕೆ ಇಲ್ಲ. "ಸಿಸ್ಟರ್, ರಕ್ತದಾಗ ಸೀಸ ಎಷ್ಟೈತಿ ಅಂತ ನೋಡತೀರೇನ್ರಿ?" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ "ಸೀಸ ಅಂದ್ರ? ಬಾಟ್ಲಿ ಸೀಸೇನ್ರಿ?" ಅಂದರು. ಅವರ ತಪ್ಪಲ್ಲ. ಬೆರಳ ತುದಿಯ ಎರಡು ಹನಿಯಲ್ಲಿ ಸೀಸ ಅಳೆಯುವ ಸಣ್ಣ ಯಂತ್ರಗಳು ಲೋಕದಲ್ಲಿವೆ. ನಾವು ಕುಂತಿದ್ದ ಬೆಂಚಿನ ಹತ್ತಿರ ಇರಲಿಲ್ಲ. ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಮುಟ್ಟಿದರೆ ಅದು ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಿರಿ, ಬಸುರಿಗೆ ಸುಣ್ಣ ಕಬ್ಬಿಣ ಸಾಲದಿದ್ದರೆ ಅವನ್ನೂ ಕೊಡಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಮೆಕ್ಸಿಕೋದಲ್ಲಿ ಬಸುರಿಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ರಕ್ತದ ಸೀಸ ನೂರಕ್ಕೆ 11ರಷ್ಟು ಇಳಿದಿತ್ತು. ಅಂದರೆ ದವಾಖಾನೆಯಲ್ಲಿ ಪುಕ್ಕಟೆ ಸಿಗುವ ಗುಳಿಗೆಯೂ, 2017ರಲ್ಲಿ ಶುರುವಾದ ಮಾತೃಪೂರ್ಣದ ಹಾಲು ತತ್ತಿಯೂ ಈ ವಿಷಕ್ಕೆ ಅಡ್ಡ ಹಿಡಿಯುವ ಗುರಾಣಿಯೇ. ಅಂಗನವಾಡಿ ಮೇಲಿನ ಓಣಿಯಲ್ಲಿದೆ ಅಂತ ನಮ್ಮ ಹುಡುಗಿಯರು ಹೋಗಲು ಹಿಂದೆ ಮುಂದೆ ನೋಡುತ್ತಾರೆ. ಬೈದು ಕಳಿಸುತ್ತಿದ್ದೇನೆ. ತಾಟು ಬೇರೆ ಇಟ್ಟರೆ ನನಗೆ ಹೇಳು, ನಾ ಬರತೇನಿ ಅಂತ ಹೇಳಿ ಕಳಿಸುತ್ತೇನೆ.

ಆ ದಿನ ದವಾಖಾನೆಯಿಂದ ಬಂದು ಉಂಡ ಮೇಲೆ ಹುಡುಗಿ ಮೆಲ್ಲಗೆ "ಚಿಗವ್ವಾ, ನನಗೂ ಮಣ್ಣ ತಿನಬೇಕ ಅನಸ್ತೈತಿ" ಅಂದಳು. ಅಕ್ಕ ಒಲೆಯ ಮುಂದೆ ಇದ್ದಳು, ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ನಾ ತಿಂದಿದ್ದಕ್ಕ ಹಿಂಗಾತೇನ ಅಂವಗ?" ಅಂತ ಕೇಳಿದಳು. ಮೂವತ್ತೇಳು ವರ್ಷದಿಂದ ಅವಳ ಬಾಯೊಳಗೇ ಇದ್ದ ಪ್ರಶ್ನೆ. "ನೀ ತಿಂದಿದ್ದಕ್ಕ ಅಲ್ಲಕ್ಕಾ, ನಿನಗ ತಿನ್ನಾಕ ಏನೂ ಇರದಿದ್ದಕ್ಕ" ಅಂದೆ. ಅಂಗಳದಲ್ಲಿ ಅವನು ಆಡುಗಳನ್ನು ಹೆಸರು ಹಿಡಿದು ಕೂಗಿ ಒಳಗೆ ಹಾಕುತ್ತಿದ್ದ.

ಹೊರಡುವಾಗ ಗೂಡಿನಲ್ಲಿದ್ದ ಮಶೇರಿ ಡಬ್ಬಿಯನ್ನು ಯಾರಿಗೂ ಹೇಳದೆ ನನ್ನ ಚೀಲಕ್ಕೆ ಹಾಕಿಕೊಂಡು ಬಂದೆ. ಮರುದಿನ ನಸುಕಿನಲ್ಲೇ ಅಕ್ಕನ ಫೋನು.

"ನನ್ನ ಡಬ್ಬಿ ನೀನ ಒಯ್ದಿಯೇನಬೇ?"

"ಹೌದಕ್ಕಾ."

"ಒಯ್ದಿ ಒಯ್ದಿ," ಅಂದಳು, "ಹಂಗಾರ ಮುಂಜಾನೆಗೆ ತಿನ್ನಾಕ ಏನರ ತಂದ ಇಟ್ಟ ಹೋಗಬೇಕಿತ್ತಿಲ್ಲೋ."