ನಟ್ಟು ಸಡಿಲ ಇತ್ತು, ನಾವು ಬರೆದೆವು

ನಾವು ಮೂವರು ಬೇರೆ ಬೇರೆ ಪತ್ರಿಕೆಗೆ ಸುದ್ದಿ ಕಳಿಸುವವರು. ಆದರೆ ಜಾತ್ರೆಗೆ ಹೋಗುವುದು ಮಾತ್ರ ಒಟ್ಟಿಗೆ. ತೇರಿನ ಫೋಟೊ ಒಬ್ಬರು ತೆಗೆದರೆ ಮೂವರಿಗೂ ಆಯಿತು, ಪೆಟ್ರೋಲಿನ ಖರ್ಚೂ ಉಳಿಯಿತು.

ಎರಡು ವರ್ಷದ ಹಿಂದೆ ನಮ್ಮ ಭಾಗದ ಒಂದು ಹಳ್ಳಿಯಲ್ಲಿ ತೇರು ನಿಲ್ಲುವಷ್ಟರಲ್ಲಿ ಕತ್ತಲಾಗಿತ್ತು. ಚಹಾ ಕುಡಿಯುತ್ತ ನಿಂತಿದ್ದಾಗ ಎದುರಿನ ತೊಟ್ಟಿಲು ಕಿರ್ರ್ ಅನ್ನುತ್ತಿತ್ತು. ಎಂಟು ತೊಟ್ಟಿಲಿನ ಸಣ್ಣ ಚಕ್ರ. ಹತ್ತಿರ ಹೋಗಿ ಮೊಬೈಲ್ ಬೆಳಕು ಹಿಡಿದು ನೋಡಿದರೆ ಒಂದರ ನಟ್ಟು ಸಡಿಲವಾಗಿತ್ತು. ಅದರಲ್ಲಿ ಇಬ್ಬರು ಹುಡುಗರು ಕೂತಿದ್ದರು. ಫೋಟೊ ತೆಗೆದೆವು. ಮರುದಿನ ಮೂರೂ ಪತ್ರಿಕೆಯಲ್ಲಿ ‘ಜಾತ್ರೆಯಲ್ಲಿ ಜೀವದ ಜೊತೆ ಆಟ’. ಮಧ್ಯಾಹ್ನ ಅಧಿಕಾರಿಗಳು ಬಂದು ಎಲ್ಲ ಆಟ ನಿಲ್ಲಿಸಿದರು. ಸಂಜೆಗೆ ದೊಡ್ಡ ಜಾಯಿಂಟ್ ವೀಲ್‌ನವರು ಕಾಗದಪತ್ರ ತೋರಿಸಿ ಮತ್ತೆ ಶುರು ಮಾಡಿದರು. ಸಣ್ಣ ತೊಟ್ಟಿಲಿನವರ ಬಳಿ ಕಾಗದವೇ ಇರಲಿಲ್ಲ. ರಾತ್ರೋರಾತ್ರಿ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು. ‘ವರದಿ ಫಲಶ್ರುತಿ’ ಎಂದು ನಾವು ಇನ್ನೊಂದು ಸುದ್ದಿ ಮಾಡಿದೆವು.

ಈ ಸಲ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಬನದ ಹುಣ್ಣಿಮೆಯ ತೇರು ಮುಗಿದರೂ ಅಲ್ಲಿ ವಾರಗಟ್ಟಲೆ ಜನ. ನಾಟಕ ಕಂಪನಿಗಳು, ಬಾಗಿಲು-ಚೌಕಟ್ಟಿನ ಅಂಗಡಿಗಳು, ಮಿಠಾಯಿ, ಆಚೆಗೆ ತಿರುಗುವ ಆಟಗಳು. ಒಂದು ದೊಡ್ಡ ವೀಲ್‌ನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವರು ನಮ್ಮನ್ನು ಗುರುತು ಹಿಡಿದರು. ನಾವು ಹಿಡಿಯಲಿಲ್ಲ. ಅವರೇ ಹೇಳಿದ ಮೇಲೆ ಗೊತ್ತಾಯಿತು, ಅದೇ ಸಣ್ಣ ತೊಟ್ಟಿಲಿನ ಕಾಕಾ. ಈಗ ಇನ್ನೊಬ್ಬರ ಬಳಿ ದಿನಗೂಲಿ.

“ನೀವು ಬರದದ್ದು ಖರೇನ ಇತ್ರಿ ಸರ. ನಟ್ಟ ಸಡ್ಲ ಇತ್ತು. ನನಗ ಒಂದ ಮಾತ ಹೇಳಿದ್ರ ಪಾನಾ ಹಚ್ಚಿ ಹತ್ತ ನಿಮಿಷದಾಗ ಬಿಗಿ ಮಾಡ್ತಿದ್ನಿ. ನೀವು ನನ್ನ ಕೇಳಲೇ ಇಲ್ಲ” ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಡಿಪ್ಲೊಮಾದಲ್ಲಿ ಮೊದಲ ತಿಂಗಳೇ ಕಲಿಸಿದ ಪಾಠ ಅದು: ಯಾರ ಮೇಲೆ ಬರೆಯುತ್ತೀರೋ ಅವರ ಮಾತನ್ನೂ ಕೇಳಿ. ಮೂವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಅಂದು ಬಹಳ ಹೊತ್ತು ಕೂತು ಕೇಳಿದೆವು. ತೊಟ್ಟಿಲಿಗೆ ಜನರನ್ನು ಸಾಲಾಗಿ ಹತ್ತಿಸುವುದಿಲ್ಲವಂತೆ. ಇಲ್ಲಿ ಇಬ್ಬರನ್ನು ಕೂರಿಸಿದರೆ ಅದಕ್ಕೆ ಎದುರಾದ ತೊಟ್ಟಿಲಿಗೆ ಇಬ್ಬರು. ಒಂದೇ ಬದಿಗೆ ಭಾರವಾದರೆ ಚಕ್ರ ಎಳೆಯುತ್ತದೆ. ಮನುಷ್ಯರನ್ನು ನೋಡಿದರೆ ತೂಕ ಎಷ್ಟೆಂದು ಅವರಿಗೆ ಅಂದಾಜು ಸಿಗುತ್ತದೆ. ವರ್ಷದ ಲೆಕ್ಕವೂ ಹಾಗೇ ಕರಾರುವಾಕ್ಕು: ಬನಶಂಕರಿ, ಅದರ ಬೆನ್ನಿಗೇ ಕೊಪ್ಪಳದ ಗವಿಮಠ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಜಾತ್ರೆ, ಬೇಸಿಗೆಯುದ್ದಕ್ಕೂ ಹಳ್ಳಿಗಳು. ಮಳೆ ಬಿದ್ದರೆ ದುಡಿಮೆ ಬಂದ್. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೇಸಿಗೆ ಪೂರ್ತಿ ಹೋಯಿತು, 2021ರ ಬೇಸಿಗೆಯೂ ಹೋಯಿತು. ಎರಡು ವರ್ಷ ಹೊಲದ ಬದುವಿನಲ್ಲಿ ಬಿದ್ದ ಕಬ್ಬಿಣ ತುಕ್ಕು ಹಿಡಿಯಿತು. ಸಾಲ ಮಾಡಿ ಬಣ್ಣ ಹೊಡೆದರು, ನಟ್ಟು-ಬೋಲ್ಟು ಪೂರ್ತಿ ಬದಲಿಸಲು ದುಡ್ಡು ಸಾಲಲಿಲ್ಲ. ನಾವು ಕಂಡ ಸಡಿಲ ನಟ್ಟಿನ ಹಿಂದೆ ಇಷ್ಟೆಲ್ಲ ಇತ್ತು.

ಹಾಗಂತ ಬರೆದದ್ದು ತಪ್ಪು ಅನ್ನುವುದಿಲ್ಲ. ಆ ಹುಡುಗರು ಬಿದ್ದಿದ್ದರೆ? 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟ ಮುರಿದುಬಿದ್ದು ಇಬ್ಬರು ಸತ್ತರು. 2024ರ ಮೇನಲ್ಲಿ ರಾಜಕೋಟದ ಗೇಮ್ ಝೋನಿಗೆ ಬೆಂಕಿ ಬಿದ್ದು 25ಕ್ಕೂ ಹೆಚ್ಚು ಜನ ಹೋದರು. ಎರಡೂ ಜಾತ್ರೆಯ ಆಟಗಳಲ್ಲ, ನಗರದಲ್ಲಿ ಕಾಯಂ ನಿಂತವು. ತಪಾಸಣೆ ದೊಡ್ಡವರಿಗೂ ಬೇಕು, ಸಣ್ಣವರಿಗೂ ಬೇಕು. ಆದರೆ ನಮ್ಮಲ್ಲಿ ತಪಾಸಣೆ ಅಂದರೆ ಸುದ್ದಿ ಬಂದ ಮೇಲೆ ಬಾಗಿಲು ಹಾಕಿಸುವುದು.

ಸಣ್ಣವರ ಕಷ್ಟ ಇರುವುದೇ ಅಲ್ಲಿ. ಪ್ರತಿ ಊರಿನಲ್ಲೂ ಹೊಸದಾಗಿ ಪಂಚಾಯಿತಿ, ಪೊಲೀಸ್ ಠಾಣೆ, ತಾತ್ಕಾಲಿಕ ಕರೆಂಟಿಗೆ ಹೆಸ್ಕಾಂ ಎಂದು ಸುತ್ತಬೇಕು. ಐದು ದಿನದ ಜಾತ್ರೆಗೆ ಮೂರು ದಿನದ ಓಡಾಟ. ದೊಡ್ಡ ಜಾತ್ರೆಗಳಲ್ಲಿ ಜಾಗವೇ ಹರಾಜು. ಕೂಗಿ ಹಿಡಿದವರು ಹೇಳಿದ ಬಾಡಿಗೆ ಕೊಡಬೇಕು. 2018ರ ಜನವರಿಯಲ್ಲಿ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ ಥೀಮ್ ಪಾರ್ಕ್, ವಾಟರ್ ಪಾರ್ಕ್, ಮೆರ್ರಿ-ಗೋ-ರೌಂಡ್ ಎಲ್ಲ ಒಂದೇ ಸಾಲಿನಲ್ಲಿದ್ದವು. ಸರಕಾರದ ಲೆಕ್ಕದಲ್ಲಿ ಬಿಡದಿಯ ವಂಡರ್‌ಲಾ ಮತ್ತು ಕಾಕಾನ ತೊಟ್ಟಿಲು ಒಂದೇ ಜಾತಿ. ಆದರೆ ವಂಡರ್‌ಲಾಕ್ಕೆ ನಮ್ಮೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಹೋಗಬೇಕು. ಕೂಲಿಯವರ ಮಕ್ಕಳಿಗೆ ಮೇಲಿನಿಂದ ಊರು ಕಾಣುವುದು ತೊಟ್ಟಿಲಿನಿಂದ ಮಾತ್ರ.

ಕಾಕಾ ಕೇಳುವುದು ಸಬ್ಸಿಡಿ ಅಲ್ಲ. ಹಂಗಾಮಿಗೆ ಮೊದಲು ಒಬ್ಬ ಇಂಜಿನಿಯರ್ ನೋಡಲಿ, ಸರಿಯಿದ್ದರೆ ಒಂದು ಕಾಗದ ಕೊಡಲಿ, ಆ ಕಾಗದ ಜಿಲ್ಲೆಯ ಎಲ್ಲ ಊರಲ್ಲೂ ನಡೆಯಲಿ. ಸರಿಯಿಲ್ಲದಿದ್ದರೆ ಏನು ಸರಿಮಾಡಬೇಕು ಎಂದು ಬರೆದುಕೊಡಲಿ. ನಾವು ಇನ್ನೊಂದು ಸೇರಿಸುತ್ತೇವೆ: ಹರಾಜಿನಲ್ಲಿ ಒಂದು ಮೂಲೆ ಸಣ್ಣವರಿಗೆಂದು ಬಿಡಲಿ.

ಇದನ್ನೇ ಸುದ್ದಿ ಮಾಡಿ ಕಳಿಸಿದೆವು. ಮೂರರಲ್ಲಿ ಒಂದು ಪತ್ರಿಕೆಯಲ್ಲಿ ಬಂತು, ಒಳಪುಟದಲ್ಲಿ, ಸಿಂಗಲ್ ಕಾಲಂ. ಅಧಿಕಾರಿಗಳು ಯಾರೂ ಓಡಿಬರಲಿಲ್ಲ. ಫಲಶ್ರುತಿ ಬರೆಯುವ ಪ್ರಸಂಗವೂ ಬರಲಿಲ್ಲ.

ಕಾಕಾನ ಚಕ್ರವನ್ನು ಇನ್ನೂ ಗುಜರಿಗೆ ಹಾಕಿಲ್ಲ. ಹಾಕಿದರೆ ಕಿಲೋ ಲೆಕ್ಕದಲ್ಲಿ ಎಷ್ಟು ಬರುತ್ತದೆ ಎಂಬುದು ಅವರಿಗೆ ಗೊತ್ತಿದೆ. ಮುಂದಿನ ಬನದ ಹುಣ್ಣಿಮೆವರೆಗೆ ನೋಡುತ್ತಾರಂತೆ. ಅಷ್ಟರೊಳಗೆ ನಿಮ್ಮ ನಿಮ್ಮ ತಾಲ್ಲೂಕಿನ ಜಾತ್ರೆಗೆ ಹೋಗುವ ಗೆಳೆಯರು ತೊಟ್ಟಿಲಿನ ಫೋಟೊ ತೆಗೆದ ಮೇಲೆ, ಅದನ್ನು ತಿರುಗಿಸುವವರ ಜೊತೆ ಹತ್ತು ನಿಮಿಷ ಮಾತಾಡಿ ಬನ್ನಿ. ನಟ್ಟು ಸಡಿಲ ಕಂಡರೆ ಮೊದಲು ಅವರಿಗೆ ಹೇಳಿ. ಆಮೇಲೆ ಬರೆಯಿರಿ.