ಎರಡು ಗುಳಿಗೆ, ನಡುವೆ ನಾಲ್ಕು ತಾಸು

ಬೆಳಗಿನ ಐದೂವರೆ. ಕಾಚಿಗುಡ ಸ್ಟೇಷನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಸುತ್ತದೆ. ಅಡುಗೆಮನೆಯ ದೀಪ ಹತ್ತಿದೆ, ಅಂದರೆ ಅವ್ವ ಎದ್ದಿದ್ದಾಳೆ. ಗೋಡೆ ಹಿಡಿದು ಬರುತ್ತಿದ್ದಾಳೆ: ಎಡಗಾಲು ಮುಂದೆ, ಬಲಗಾಲನ್ನು ಎಳೆದು ಅದರ ಪಕ್ಕಕ್ಕೆ, ಒಂದು ಉಸಿರು, ಮತ್ತೆ ಎಡಗಾಲು. ಅಕ್ಟೋಬರ್ ತಿಂಗಳ ಹೈದರಾಬಾದು. ನಮಗೆಲ್ಲ ಫ್ಯಾನ್ ಬೇಕು. ಅವಳ ಮೈಮೇಲೆ ಸ್ವೆಟರ್ ಇದೆ.

ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳ. ಅದರಲ್ಲಿ ರಾತ್ರಿಯೇ ತೆಗೆದಿಟ್ಟ ಎರಡು ಗುಳಿಗೆ. ಒಂದು ತೊಗರಿಬೇಳೆಯಷ್ಟು ಸಣ್ಣದು, ಹನ್ನೊಂದು ವರ್ಷದಿಂದ ನುಂಗುತ್ತಿರುವ ಥೈರಾಯ್ಡ್ ಗುಳಿಗೆ. ಇನ್ನೊಂದು ದಪ್ಪನೆಯದು, ನಾಲ್ಕು ತಿಂಗಳಿಂದ ಮೊಣಕಾಲಿಗೆಂದು ಸೇರಿಕೊಂಡ ಕ್ಯಾಲ್ಸಿಯಂ. ಅವ್ವ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾಳೆ.

"ಎರಡೂ ಒಮ್ಮಿಗೇ ಮುಗಿಸಿದ್ರ ಮರಿಯೂದಿಲ್ಲ ನೋಡು" ಎನ್ನುತ್ತಾಳೆ. ಚಹಾ ಆಗಲೇ ಕುದಿಯುತ್ತಿದೆ.

ಮುಂದಿನ ಗುರುವಾರ ಬಲ ಮೊಣಕಾಲಿನ ಆಪರೇಷನ್ ಆಗಬೇಕು. ಎಕ್ಸ್‌ರೇಯಲ್ಲಿ ಎರಡು ಎಲುಬಿನ ನಡುವೆ ಇರಬೇಕಾದ ಸಂದು ಕಾಣುವುದೇ ಇಲ್ಲ. ಆದರೆ ಆಪರೇಷನ್ನಿಗೆ ಮೊದಲಿನ ರಕ್ತಪರೀಕ್ಷೆಯಲ್ಲಿ ಥೈರಾಯ್ಡಿನ ಸ್ಥಿತಿ ತಿಳಿಸುವ ಟಿಎಸ್‌ಎಚ್ 41 ಬಂದಿದೆ. ಸುಮಾರು ನಾಲ್ಕೂವರೆಯ ಒಳಗಿರಬೇಕಾದ ಅಂಕಿ ಅದು. ಸರ್ಜನ್ ಕಾಗದ ಮಡಚಿ, ಮೊದಲು ಥೈರಾಯ್ಡ್ ಡಾಕ್ಟರನ್ನು ಕಂಡು ಬನ್ನಿ ಎಂದಿದ್ದಾರೆ. ನನಗೆ ಅವರ ಮೇಲೆ ಗೌರವ ಬಂದದ್ದು ಆಗ. ಇದಕ್ಕೂ ಮೊದಲು ಹೋಗಿದ್ದ ಒಂದು ಕಡೆ ಪ್ಯಾಕೇಜಿನ ಚೀಟಿ ಕೈಗಿಟ್ಟು ಮುಂಗಡ ಕೇಳಿದ್ದರು. ದಿನಾ ಏನೇನು ಗುಳಿಗೆ ನುಂಗುತ್ತೀರಿ ಎಂದು ಯಾರೂ ಕೇಳಲಿಲ್ಲ. ಆ ಚೀಟಿಯಲ್ಲಿ ಕೃತಕ ಕೀಲಿನ ಬೆಲೆಯನ್ನೂ ಬೇರೆಯಾಗಿ ಬರೆದಿರಲಿಲ್ಲ. ಅದನ್ನು ಕೇಳಿ ಬರೆಸಿಕೊಳ್ಳಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಮೊಣಕಾಲಿನ ಕೀಲುಗಳಿಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ಗೊತ್ತಾದ ದರ 54,720 ರೂಪಾಯಿ, ಜಿಎಸ್‌ಟಿ ಬೇರೆ.

ಆಟೋದವನು ಅವ್ವ ಹತ್ತುವ ರೀತಿ ನೋಡಿಯೇ "ಘುಟ್ನೇ ಕಾ ದರ್ದ್ ಹೈ ಕ್ಯಾ ಅಮ್ಮಾ?" ಎಂದು ಮೊಣಕಾಲು ನೋವು ವಿಚಾರಿಸುತ್ತಾನೆ. ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣದಲ್ಲಿ ಲಿಫ್ಟ್ ಏರಿ ಮೆಟ್ರೋ ಹಿಡಿಯುತ್ತೇವೆ. ನಾಂಪಲ್ಲಿ, ಲಕಡಿಕಾಪುಲ್, ಖೈರತಾಬಾದ್ ದಾಟುತ್ತವೆ. ಎರ್ರಮಂಜಿಲ್ ಬಿಟ್ಟ ಮೇಲೆ ಅವ್ವ ಕಿಟಕಿಗೆ ಮುಖ ಹಚ್ಚುತ್ತಾಳೆ.

"ಎಲುಬಿನ ದವಾಖಾನಿ" ಎಂದು ನಿಮ್ಸ್ ಆಸ್ಪತ್ರೆಯ ಕಡೆ ಬೆರಳು ಮಾಡುತ್ತಾಳೆ. ಇವತ್ತು ಹಲವು ರೋಗಗಳಿಗೆ ಅಲ್ಲಿ ವಿಭಾಗಗಳಿವೆ. ಆದರೆ ನಿಜಾಮರ ಟ್ರಸ್ಟಿನ ದುಡ್ಡಿನಲ್ಲಿ ಅದು ಶುರುವಾದದ್ದು ಎಲುಬು-ಕೀಲುಗಳ ಆಸ್ಪತ್ರೆಯಾಗಿಯೇ. ಬೀದರಿನ ಕಡೆಯ ಅವಳ ಊರಿನಲ್ಲಿ ಮರದಿಂದ ಬಿದ್ದವರನ್ನು ಇಲ್ಲಿಗೇ ತರುತ್ತಿದ್ದರಂತೆ. ಅವಳ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಪಂಜಾಗುಟ್ಟದ ಕ್ಲಿನಿಕ್ಕಿನಲ್ಲಿ ಡಾಕ್ಟರು ರಿಪೋರ್ಟ್ ನೋಡುವುದಕ್ಕಿಂತ ಹೆಚ್ಚು ಹೊತ್ತು ಅವ್ವನನ್ನು ನೋಡುತ್ತಾರೆ. ಊದಿದ ರೆಪ್ಪೆ, ಒಡೆದ ದನಿ, ಸ್ವೆಟರ್. ಮಂಚದ ಮೇಲೆ ಮಲಗಿಸಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಪಾದ ಜಿಗಿಯುತ್ತದೆ. ಕೂಡಲೇ ವಾಪಸು ಬರಬೇಕಾದದ್ದು ಮೆಲ್ಲಗೆ, ನಿದ್ದೆಯಲ್ಲಿದ್ದಂತೆ ಇಳಿಯುತ್ತದೆ. ನಾನು ಅದನ್ನು ನೋಡುತ್ತ ನಿಲ್ಲುತ್ತೇನೆ. ಮೊಣಕಾಲು ನೋವಿನಿಂದ ಕೂಗಿ ಹೇಳಿಕೊಳ್ಳುತ್ತಿತ್ತು, ನಾವು ಕೇಳಿಸಿಕೊಂಡೆವು. ಈ ಮಂದತನಕ್ಕೆ ದನಿಯೇ ಇರಲಿಲ್ಲ. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆವು.

"ಗುಳಿಗೆ ತಪ್ಪಿಸಿದ್ದೀರಾ ಅಮ್ಮಾ?"

"ಒಂದಿನಾ ಬಿಟ್ಟಿಲ್ರಿ" ಎಂದು ಅವ್ವ ಸೆಟೆದು ಕೂಡುತ್ತಾಳೆ. ಬೆಳಿಗ್ಗೆ ಹೇಗೆ ತಗೊಳ್ಳುತ್ತಾಳೆಂದು ಕೈಯಿಂದ ತೋರಿಸುತ್ತಾಳೆ: ಅಂಗೈಯಲ್ಲಿ ಎರಡು, ಒಂದೇ ಗುಟುಕು.

ಡಾಕ್ಟರು ಪೆನ್ನು ಕೆಳಗಿಡುತ್ತಾರೆ. ಅವರ ತೆಲುಗು ಅವ್ವನಿಗೆ ಪೂರ್ತಿ ತಿಳಿಯುತ್ತದೆ. ಕ್ಯಾಲ್ಸಿಯಂ ಹೊಟ್ಟೆಯೊಳಗೆ ಆ ಸಣ್ಣ ಗುಳಿಗೆಯ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರಗೊಡುವುದಿಲ್ಲ. ಕಬ್ಬಿಣದ ಗುಳಿಗೆಯೂ ಹಾಗೇ. ನಡುವೆ ನಾಲ್ಕು ತಾಸು ಅಂತರ ಬೇಕು. ಥೈರಾಯ್ಡ್ ಗುಳಿಗೆ ಬರಿ ಹೊಟ್ಟೆಯಲ್ಲಿ, ಬರಿ ನೀರಿನ ಜೊತೆ. ಚಹಾ ಅರ್ಧ-ಮುಕ್ಕಾಲು ತಾಸು ಕಾಯಲಿ. ಕ್ಯಾಲ್ಸಿಯಂ ರಾತ್ರಿ ಊಟದೊಂದಿಗೆ. ಕೂದಲಿಗೆಂದು ಬಯೋಟಿನ್ ಏನಾದರೂ ತಗೊಳ್ಳುತ್ತೀರಾ ಎಂದೂ ಕೇಳುತ್ತಾರೆ, ಅದು ರಕ್ತಪರೀಕ್ಷೆಯ ಅಂಕಿಯನ್ನೇ ತಪ್ಪಾಗಿ ತೋರಿಸಬಲ್ಲದು. ಅವ್ವ ಇಲ್ಲವೆಂದು ತಲೆಯಾಡಿಸುತ್ತಾಳೆ. ಡೋಸ್ ಹೆಚ್ಚಿಸುವುದಿಲ್ಲ. ಹೊತ್ತು ಬದಲಿಸಿದರೆ ಸಾಕು.

ಮೊಣಕಾಲಿಗೆ ಒಳ್ಳೆಯದಾಗಲಿ ಎಂದು ಪ್ರತಿ ಬೆಳಿಗ್ಗೆ ಆ ದಪ್ಪ ಗುಳಿಗೆಯನ್ನು ನೆನಪಿಸುತ್ತಿದ್ದವಳು ನಾನೇ. ಎದೆ ಭಾರವಾಗುತ್ತದೆ.

ಗುರುವಾರದ ಆಪರೇಷನ್? ಡಾಕ್ಟರು ಬೇಡವೆಂದು ತಲೆಯಾಡಿಸುತ್ತಾರೆ. ಟಿಎಸ್‌ಎಚ್ ಸ್ವಲ್ಪ ಏರಿದ್ದರೆ ಅದಕ್ಕಾಗಿ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಇದು ಹಾಗಲ್ಲ. ಈ ಸ್ಥಿತಿಯಲ್ಲಿ ಅರಿವಳಿಕೆಯ, ನೋವಿನ ಔಷಧಗಳು ದೇಹದಿಂದ ಬೇಗ ಇಳಿಯುವುದಿಲ್ಲ. ಉಸಿರು ಮಂದವಾಗಬಹುದು, ನಾಡಿ ನಿಧಾನವಾಗಬಹುದು, ಸೋಡಿಯಂ ಕುಸಿಯಬಹುದು, ಗಾಯ ಮಾಗಲು ತಡವಾಗಬಹುದು. ಮೊಣಕಾಲು ಕಾಯಬಲ್ಲದು. ಥೈರಾಯ್ಡ್ ಗುಳಿಗೆಯ ಔಷಧ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ, ಅಷ್ಟೇ ನಿಧಾನವಾಗಿ ಅದರ ಮಟ್ಟ ನೆಲೆಗೊಳ್ಳುತ್ತದೆ. ಹಾಗಾಗಿ ಆರರಿಂದ ಎಂಟು ವಾರ ಕಳೆಯದೆ ಮತ್ತೆ ಪರೀಕ್ಷೆ ಮಾಡಿಸಿ ಉಪಯೋಗವಿಲ್ಲ.

ಅವ್ವ ಆಗ ಕೇಳುತ್ತಾಳೆ, ನಾವ್ಯಾರೂ ಕೇಳದಿದ್ದ ಪ್ರಶ್ನೆ: "ಹಂಗಾರ ಈ ಕಾಲ ಬ್ಯಾನಿನೂ ಥೈರಾಯ್ಡಿಂದs ಬಂದದೇನ್ರಿ? ಆಪರೇಷನ್ ಬ್ಯಾಡೇನು?"

ಡಾಕ್ಟರು ಅವಸರ ಮಾಡುವುದಿಲ್ಲ. ಮೈಯೆಲ್ಲ ಬಿಗಿಯುವುದು, ಮಾಂಸಖಂಡದ ನೋವು, ಭಾರ ಇವುಗಳಲ್ಲಿ ಒಂದು ಪಾಲು ಇಳಿಯಬಹುದು. ಸವೆದ ಕೀಲು ಮಾತ್ರ ಯಾವ ಗುಳಿಗೆಯಿಂದಲೂ ಮರಳುವುದಿಲ್ಲ. "ಏಳು ವಾರ ಆದ ಮೇಲೆ ನಿಮ್ಮ ಮೊಣಕಾಲನ್ನು ನೀವೇ ಕೇಳಿ ಅಮ್ಮಾ, ಅದು ಸರಿಯಾಗಿ ಹೇಳುತ್ತದೆ."

ಮೂರನೇ ವಾರಕ್ಕೆ ಸ್ವೆಟರ್ ಪೆಟ್ಟಿಗೆ ಸೇರಿತು. ಐದನೆಯದಕ್ಕೆ ಬೆರಳಿನ ಉಂಗುರ ತಿರುಗತೊಡಗಿತು. ಪುಣೆಯಿಂದ ಅಕ್ಕ ಫೋನ್ ಮಾಡಿ ಎರಡೂ ಕಾಲು ಒಮ್ಮೆಗೇ ಮಾಡಿಸಿಬಿಡಿ ಅಂದಳು, ಅಣ್ಣ ಆಪರೇಷನ್ನೇ ಬೇಡ ಅಂದ. ಅವ್ವ ಇಬ್ಬರಿಗೂ ಹೂಂ ಅಂದಳು. ಒಂದು ರಾತ್ರಿ ನೀರು ಕುಡಿಯಲು ಎದ್ದವಳು ಕತ್ತಲಲ್ಲಿ ನನ್ನ ಹಾಸಿಗೆಯ ಅಂಚಿಗೆ ಕೂತು, "ಮೈ ಹಗೂರಾಗ್ಯದ. ಕಾಲು ಮಾತ್ರ ಹಂಗs ಅದ" ಎಂದಳು. ಅದೇ ಅವಳ ನಿರ್ಧಾರವೆಂದು ನನಗೆ ಗೊತ್ತಾಯಿತು.

ನವೆಂಬರ್ ಕೊನೆ. ಟಿಎಸ್‌ಎಚ್ 4.2.

ಅರಿವಳಿಕೆಯ ಡಾಕ್ಟರಮ್ಮ ಬಾಯಿ ತೆರೆಸಿ ನೋಡುತ್ತಾರೆ, ಗಂಟಲು ಮುಟ್ಟಿ ನುಂಗಿಸುತ್ತಾರೆ, ಬೆನ್ನುಹುರಿಯ ಸುತ್ತ ಕೊಡುವ ಸೂಜಿಯ ಬಗ್ಗೆ ವಿವರಿಸುತ್ತಾರೆ. ಆಪರೇಷನ್ನಿನ ದಿನವೂ ಬೆಳಿಗ್ಗೆ ಥೈರಾಯ್ಡ್ ಗುಳಿಗೆಯನ್ನು ಒಂದು ಗುಟುಕು ನೀರಲ್ಲಿ ನುಂಗಬೇಕು, ಉಪವಾಸವೆಂದು ಬಿಡಬಾರದು. ಕೋಣೆಯ ಹೊರಗೆ ಕೂತಾಗ ನಾನು ಅವ್ವನಿಗೆ ಈ ಊರಿನ ಒಂದು ಹಳೆಯ ಕತೆ ಹೇಳುತ್ತೇನೆ. ಕ್ಲೋರೋಫಾರ್ಮಿನಿಂದ ಜನ ಯಾಕೆ ಸಾಯುತ್ತಾರೆ, ಉಸಿರು ನಿಂತೋ ಹೃದಯ ನಿಂತೋ ಎಂದು ತಿಳಿಯಲು 1888ರಲ್ಲಿ, ಮತ್ತೆ 1889ರಲ್ಲಿ, ನಿಜಾಮರ ಹೈದರಾಬಾದಿನಲ್ಲೇ ಎಡ್ವರ್ಡ್ ಲಾರಿ ಎಂಬ ಡಾಕ್ಟರರ ಮುಂದಾಳತನದಲ್ಲಿ ಆಯೋಗ ಕೂತಿತ್ತು. ಅದೇ ಕಾಲದಲ್ಲಿ ಇಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜೀ ಅರಿವಳಿಕೆ ಕೊಡುವ ಜಗತ್ತಿನ ಮೊದಲ ಮಹಿಳೆಯರಲ್ಲಿ ಒಬ್ಬರಾದರು. ಆಯೋಗ ಉಸಿರನ್ನು ಕಾಯಿರಿ ಎಂದಿತು. ಹೃದಯವೂ ನಿಲ್ಲಬಹುದೆಂದು ಮುಂದೆ ಬೇರೆಯವರು ತೋರಿಸಿದರು.

"ಈಗ ಎರಡೂ ಕಾಯ್ತಾರಲ್ಲ?" ಎಂದು ಅವ್ವ ಕೇಳುತ್ತಾಳೆ.

"ಎರಡೂ ಕಾಯ್ತಾರವ್ವ."

ಸರ್ಜನ್ನರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೊಣಕಾಲು ಇದೆ. ಅವ್ವ ಅದನ್ನು ಎತ್ತಿ ಮಡಚಿ ನೋಡುತ್ತಾಳೆ. ಒಂದು ಕಾಲು ಮೊದಲು, ಎರಡನೆಯದನ್ನು ಆಮೇಲೆ ನೋಡೋಣ ಎಂದು ಅವರು ಒಪ್ಪುತ್ತಾರೆ. ನಡೆಯಬಹುದು, ಮೆಟ್ಟಿಲು ಹತ್ತಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವುದನ್ನು ಮಾತ್ರ ಬಿಡಬೇಕು.

ಅವ್ವನ ಕೈ ನಿಲ್ಲುತ್ತದೆ. ಕ್ಯಾಲೆಂಡರ್ ಎಲ್ಲಿದೆ ಎಂದು ಗೋಡೆಯ ಮೇಲೆ ಹುಡುಕುತ್ತಾಳೆ.

"ಎಳ್ಳ ಅಮಾಸಿ ಆಗ್ಲಿರಿ. ಮುಂದಿನ ವಾರಾನೇ ಬರ್ತೀನಿ."

ಅಮಾವಾಸ್ಯೆಯ ದಿನ ಬೀದರಿನ ಹೊಲ. ಎದೆಮಟ್ಟ ಬೆಳೆದ ಜೋಳದ ನಡುವೆ ಚರಗ ಚೆಲ್ಲಿ ಎಲ್ಲರೂ ವಾಪಸು ಬಂದಿದ್ದಾರೆ. ಸಜ್ಜೆ ರೊಟ್ಟಿ, ಭಜ್ಜಿ, ಮಣ್ಣಿನ ಗಡಿಗೆಯಲ್ಲಿ ಅಂಬಲಿ. ಯಾರೋ ಕುರ್ಚಿ ತಂದು ಬದುವಿನ ಮೇಲೆ ಇಡುತ್ತಾರೆ. ಅವ್ವ ಅದನ್ನು ಬಳಸಿಕೊಂಡು ಮುಂದೆ ಬಂದು ನನ್ನ ಹೆಗಲು, ಅಣ್ಣನ ಮುಂಗೈ ಹಿಡಿದು, ಹಲ್ಲು ಕಚ್ಚಿ, ಕರಿ ಮಣ್ಣಿಗೆ ಇಳಿಯುತ್ತಾಳೆ. ಎಡಗಾಲು ಮಡಚುತ್ತದೆ. ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಅಷ್ಟಷ್ಟೇ ಒಳಗೆಳೆದುಕೊಂಡು, ಸಾಲಿನಲ್ಲಿ ಎಲ್ಲರ ಹಾಗೆ ಕೂತು, "ಭಜ್ಜಿ ಹಾಕ್ರಿ" ಎನ್ನುತ್ತಾಳೆ.